ಅಮ್ಮನ ತಂತಿಯ ಎತ್ತರ

ನನ್ನ ಅಂಗಡಿಗೆ ಗಿಟಾರ್ ಹಿಡಿದುಕೊಂಡು ಬರುವವರೆಲ್ಲ ಹಾಡುವುದು ಒಂದೇ ಪಲ್ಲವಿ. ತಂತಿ ಇನ್ನೂ ಕೆಳಗಿಳಿಸಿ, ಬೆರಳು ಸೋಕಿದರೆ ಸಾಕು ಅನ್ನುವ ಹಾಗಿರಬೇಕು, ಆದರೆ ನಾದ ಮಾತ್ರ ಒಂಚೂರೂ ಕಮ್ಮಿಯಾಗಬಾರದು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಹಾಗಾದ್ರೆ ಎರಡು ಗಿಟಾರ್ ಇಟ್ಕೊಳ್ಳಿ, ಕೈಗೊಂದು, ಕಿವಿಗೊಂದು" ಅಂದುಬಿಡುತ್ತೇನೆ. ಗಿರಾಕಿಗಳು ನಗುತ್ತಾರೆ. ನಾನು ತಮಾಷೆ ಮಾಡಿದೆ ಅಂತ ಅವರ ಲೆಕ್ಕ.

ವಿಷಯ ಇಷ್ಟೇ. ಗಿಟಾರಿನ ಉದ್ದನೆಯ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಗೆರೆಗಳಿಗೆ ಫ್ರೆಟ್ ಅನ್ನುತ್ತಾರೆ. ತಂತಿ ಆ ಫ್ರೆಟ್ಟುಗಳಿಗಿಂತ ಎಷ್ಟು ಮೇಲಿರಬೇಕು ಅನ್ನುವುದೇ ನನ್ನ ಹೊಟ್ಟೆಪಾಡು. ಎತ್ತರವಾಗಿದ್ದರೆ ತಂತಿ ಕೈಕಾಲು ಚಾಚಿಕೊಂಡು ನಡುಗುತ್ತದೆ, ನಾದ ತುಂಬಿಕೊಂಡು ಬರುತ್ತದೆ, ಆದರೆ ಒತ್ತುವ ಬೆರಳಿನ ಗ್ರಹಚಾರ ಬಿಡಿಸುತ್ತದೆ. ಇಳಿಸಿದರೆ ಬೆರಳಿಗೆ ಸುಖ, ಆದರೆ ನಡುಗುವ ತಂತಿ ಫ್ರೆಟ್ಟಿಗೆ ತಾಗಿ ಝರ್ರ್ ಅಂತ ಗೊಣಗುತ್ತದೆ, ನಾದ ಅರ್ಧದಲ್ಲೇ ಉಸಿರು ಬಿಡುತ್ತದೆ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗ ಇದೆ. ಅದನ್ನು ಹುಡುಕಿಕೊಡುವುದಕ್ಕೆ ನನಗೆ ಕೂಲಿ.

ಈ ವಿಷಯದಲ್ಲಿ ನನ್ನ ತಲೆ ತಿಂದವರು ಬೇಕಾದಷ್ಟು ಜನ ಇದ್ದಾರೆ. ಆದರೆ ನನ್ನನ್ನು ನಿಜಕ್ಕೂ ಹೈರಾಣು ಮಾಡಿದವಳು ನನ್ನ ಹೆತ್ತಮ್ಮ.

ಅಮ್ಮ ಡ್ಯಾನ್ಸ್ ಹಾಲಿನ ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ನಾನು ತೊಟ್ಟಿಲಲ್ಲಿದ್ದಾಗಿನಿಂದಲೂ ಅದೇ ಹಾಲು, ಅದೇ ಗಿಟಾರು. ಬೇರೆ ಮಕ್ಕಳು ಜೋಗುಳ ಕೇಳಿ ಮಲಗಿದರೆ ನಾನು ಆಂಪ್ಲಿಫೈಯರಿನ ಗುಂಯ್ ಸದ್ದಿಗೆ ಮಲಗಿದವಳು. ಬ್ಯಾಂಡಿನ ಯಜಮಾನ ಡ್ರಮ್ಸ್ ಬಾರಿಸುವ ಗುಡುಗು ಮಾಮ. ಸ್ವಂತ ಮಾಮ ಅಲ್ಲ. ಆದರೆ ನಾನು ಜ್ವರ ಬಂದು ಮಲಗಿದಾಗ ಅಮ್ಮನ ಬದಲು ಪಕ್ಕದಲ್ಲಿ ಕೂತು, ಮಂಚದ ಕಾಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ನನ್ನ ನಿದ್ದೆ ಕೆಡಿಸಿದ ಮಾಮ ಅವನೇ.

ಈ ಬ್ಯಾಂಡಿನಲ್ಲಿ ಒಂದು ಪದ್ಧತಿ ಇದೆ. ಬೇರೆ ಬ್ಯಾಂಡಿನವರು ಕಾರ್ಯಕ್ರಮ ಶುರು ಮಾಡುವಾಗ ಡ್ರಮ್ಸ್‌ನವನು ಕೋಲಿಗೆ ಕೋಲು ತಟ್ಟಿ ಎಣಿಸುತ್ತಾನೆ. ಇವರಲ್ಲಿ ಎಣಿಕೆ ಇಲ್ಲ. ಅಮ್ಮ ಒಂದೇ ಒಂದು ಸ್ವರ ಎತ್ತಿ ಎಳೆದು ನಿಲ್ಲಿಸುತ್ತಾಳೆ. ಅದಕ್ಕೆ ಇವರೊಳಗೆ "ಎಳೆ" ಅಂತ ಹೆಸರು. ಎಳೆ ಹರಿದಾಡುವಷ್ಟು ಹೊತ್ತು ಗುಡುಗು ಮಾಮ ಕೋಲು ಎತ್ತಿ ಹಿಡಿದು ಕಾಯುತ್ತಾನೆ, ಕುರ್ಚಿಯಲ್ಲಿದ್ದವರು ಎದ್ದು ಜೋಡಿ ಹುಡುಕಿಕೊಂಡು ಕುಣಿಯುವ ನೆಲಕ್ಕೆ ಇಳಿಯುತ್ತಾರೆ. ಎಳೆ ತಾನಾಗಿ ಕರಗಿದ ಕ್ಷಣಕ್ಕೆ ಡ್ರಮ್ಸ್‌ಗೆ ಕೋಲು ಬೀಳುತ್ತದೆ, ಹಾಲು ಕುಣಿಯುತ್ತದೆ. ಅದು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಅಮ್ಮನಿಗೂ ಗೊತ್ತಿರುತ್ತಿರಲಿಲ್ಲ, ಮಜಾ ಇದ್ದದ್ದೇ ಅದರಲ್ಲಿ.

ಈಚೆಗೆ ಅಮ್ಮನ ಎಡಗೈ ಬೆರಳುಗಳ ಗೆಣ್ಣು ಊದಿಕೊಂಡಿತು. ಸಂಧಿವಾತ. ಡಾಕ್ಟರು ಗಿಟಾರ್ ಬಿಡಬೇಡಿ, ಬೆರಳು ಆಡುತ್ತಿರಲಿ, ಆದರೆ ಗಟ್ಟಿಯಾಗಿ ಒತ್ತಬೇಡಿ ಅಂದರು. ಡಬ್ಬಿಯ ಮುಚ್ಚಳ ತೆಗೆಯಲು ಅಮ್ಮ ನನ್ನ ಗಂಡನನ್ನು ಕರೆಯತೊಡಗಿದಳು. ಅದನ್ನಾದರೂ ನಗುತ್ತಾ ಕರೆಯುತ್ತಿದ್ದಳು. ಎಳೆ ಮಾತ್ರ ನಗುವ ವಿಷಯವಾಗಿ ಉಳಿಯಲಿಲ್ಲ. ಬೆರಳು ನೋಯುತ್ತಿದ್ದರಿಂದ ಒತ್ತು ಸಡಿಲವಾಗುತ್ತಿತ್ತು, ಜನ ಕುರ್ಚಿಯಿಂದ ಏಳುವಷ್ಟರಲ್ಲಿ ಸ್ವರ ಸತ್ತುಹೋಗುತ್ತಿತ್ತು.

ಡ್ಯಾನ್ಸ್ ಹಾಲಿಗೆ ಹೊಸ ನೆಲ ಹಾಸಲು ಬಾಗಿಲು ಹಾಕಿದ್ದರು. ಶನಿವಾರ ಸಂಜೆ ಮತ್ತೆ ತೆರೆಯುವುದಿತ್ತು. ಆ ವಾರದ ಮೊದಲ ಅಭ್ಯಾಸದಲ್ಲಿ ಗುಡುಗು ಮಾಮ ಡ್ರಮ್ಸ್‌ನ ತಿರುಪುಗಳನ್ನು ಬಿಗಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿಕೊಂಡೇ ಹೇಳಿದನಂತೆ, "ಅಕ್ಕ, ಇನ್ಮೇಲೆ ನೀವು ಹಾಡೋಕೆ ನಿಂತ್ಕೊಳ್ಳಿ. ಎಳೆನ ಕೀಬೋರ್ಡಲ್ಲಿ ಹಿಡಿಸೋಣ. ಅದರಲ್ಲಿ ಬೆರಳು ಇಟ್ರೆ ಆಯ್ತು, ಎಷ್ಟು ಹೊತ್ತು ಬೇಕಾದ್ರೂ ನಿಲ್ಲುತ್ತೆ."

ಅಮ್ಮ ಶನಿವಾರದವರೆಗೆ ಸಮಯ ಕೊಡು ಅಂದಳಂತೆ. ಅಲ್ಲಿಂದ ಸೀದಾ ನನ್ನ ಅಂಗಡಿಗೆ ಬಂದು ಗಿಟಾರಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ತಂತಿ ಇಳಿಸು. ಎಷ್ಟಾಗುತ್ತೋ ಅಷ್ಟು ಇಳಿಸು. ಶನಿವಾರ ಎಳೆ ನಿಲ್ಲಲಿಲ್ಲ ಅಂದ್ರೆ ಗೋಡೆಗೊಂದು ಕೊಕ್ಕೆ ಹೊಡೆದಿಡು. ಇದನ್ನ ಇಲ್ಲೇ ನೇತುಹಾಕಿಬಿಡ್ತೀನಿ. ಬಂದವರು ನೋಡಿ ಹೋಗ್ಲಿ."

"ನಾಟಕ ಆಡಬೇಡಮ್ಮ" ಅಂದೆ. ಆದರೆ ಅವಳು ನಾಟಕ ಆಡುತ್ತಿರಲಿಲ್ಲ. ಗೋಡೆಯನ್ನು ನೋಡುತ್ತಿದ್ದಳು, ಎಲ್ಲಿ ಹೊಡೆಯಬಹುದು ಅಂತ.

ಇಳಿಸಿದೆ. ತಂತಿಗಳು ಕೂರುವ ಬ್ರಿಡ್ಜಿನ ಪುಟ್ಟ ತಿರುಪುಗಳನ್ನು ತಿರುಗಿಸಿ ಇಳಿಸಿದೆ, ಎತ್ತಿಕೊಂಡು ನುಡಿಸಿದೆ. ಝರ್ರ್. ಸ್ವಲ್ಪ ಏರಿಸಿದೆ. ಮತ್ತೆ ಝರ್ರ್. ಇನ್ನೂ ಸ್ವಲ್ಪ ಏರಿಸಿದೆ. ಸದ್ದು ಶುದ್ಧವಾದ ಮೇಲೆ ಅಮ್ಮನ ಕೈಗೆ ಕೊಟ್ಟೆ. ಅವಳು ಒತ್ತಿದಳು, ಹಲ್ಲು ಕಚ್ಚಿಕೊಂಡು, ಚೆನ್ನಾಗಿದೆ ಅಂದಳು. ಮರುದಿನ ಅವಳು ಗಿಟಾರ್ ತಂದಾಗ ತಂತಿಗಳು ನೆಲಕ್ಕಂಟಿದ ಹಾಗಿದ್ದವು. ಬ್ರಿಡ್ಜಿನ ತಿರುಪು ತಿರುಗಿಸುವ ನನ್ನ ಅಲೆನ್ ಕೀಯನ್ನು ಕದ್ದುಕೊಂಡು ಹೋಗಿ ಮನೆಯಲ್ಲಿ ತಾನೇ ಇಳಿಸಿಕೊಂಡಿದ್ದಾಳೆ.

"ಅಮ್ಮ, ಇದು ಗಿಟಾರಾ, ಜೇನುಗೂಡಾ? ಎಲ್ಲ ತಂತಿನೂ ಗುಂಯ್‌ಗುಡ್ತಿದೆ."

"ನನಗೇನೂ ಕೇಳಿಸ್ತಿಲ್ಲ."

"ನಿನ್ನ ಕಿವಿನೂ ಹೋಯ್ತಾ ಹಾಗಾದ್ರೆ?"

ನಾನು ಮತ್ತೆ ಏರಿಸಿದೆ. ಅವಳು ಮತ್ತೆ ಇಳಿಸಿಕೊಂಡಳು. ತಾಯಿ ಮಗಳು ಹೀಗೆ ಒಂದು ತಿರುಪಿಗಾಗಿ ಜುಟ್ಟು ಹಿಡಿದುಕೊಂಡು ಜಗಳವಾಡುವುದನ್ನು ನೋಡಿ ನನ್ನ ಗಂಡನಿಗೆ ಪುಕ್ಕಟೆ ಮನರಂಜನೆ. ಅವನದು ಪಕ್ಕದಲ್ಲೇ ಕನ್ನಡಕದ ಅಂಗಡಿ. ಸಂಗೀತದ ಗಂಧಗಾಳಿ ಇಲ್ಲ, ಅಳಿಯನಾಗಿ ಇಷ್ಟು ವರ್ಷ ಆದರೂ ಶ್ರುತಿ ಯಾವುದು ತಾಳ ಯಾವುದು ಅಂತ ತಿಳಿಯದ ಪುಣ್ಯಾತ್ಮ. ಬುಧವಾರ ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಬಂದವನು ನಾನು ಗಿಟಾರನ್ನು ಬಾರಿಸಿ ಬಾರಿಸಿ ಮುಖ ಸಿಂಡರಿಸುವುದನ್ನು ಸ್ವಲ್ಪ ಹೊತ್ತು ನೋಡಿದ.

"ಇದನ್ನ ನುಡಿಸೋದು ಯಾರು?"

"ಅಮ್ಮ. ಇನ್ಯಾರು?"

"ಮತ್ತೆ ನೀನ್ಯಾಕೆ ನುಡಿಸಿ ನೋಡ್ತಿದ್ದೀಯ? ಗಿರಾಕಿಗೆ ಮಾಡಿದ ಕನ್ನಡಕನ ನಾನು ಹಾಕ್ಕೊಂಡು, ಏನೂ ಕಾಣಲ್ಲ, ಸರಿಯಿಲ್ಲ ಅಂದ್ರೆ ಹೆಂಗಿರುತ್ತೆ?"

ಗಿಟಾರೆಲ್ಲಿ, ಗಾಜೆಲ್ಲಿ, ನಿನಗೇನು ಗೊತ್ತು ಅಂತ ರೇಗಿದೆ. ಅವನು ನಗುತ್ತಾ ಹೋದ. ಅವನು ಹೋದ ಮೇಲೆ ನನ್ನ ಬಲಗೈಯನ್ನು ನೋಡಿಕೊಂಡೆ. ನನ್ನದು ಅರ ಹಿಡಿದು, ಗರಗಸ ಹಿಡಿದು ಬಲಿತ ಕೈ. ತಂತಿಯನ್ನು ಮೀಟುವುದಲ್ಲ, ಬಡಿಯುತ್ತೇನೆ. ಬಡಿಸಿಕೊಂಡ ತಂತಿ ಅಗಲವಾಗಿ ಹಾರಾಡುತ್ತದೆ, ಫ್ರೆಟ್ಟಿಗೆ ತಾಗದೆ ಇನ್ನೇನು ಮಾಡೀತು? ಅಮ್ಮ ಬೆರಳು ನೋಯತೊಡಗಿದ ಮೇಲೆ ಎರಡೂ ಕೈಯನ್ನು ಹಗುರ ಮಾಡಿಕೊಂಡಿದ್ದಳು. ಅವಳಿಗೆ ಏನೂ ಕೇಳಿಸದೇ ಇದ್ದದ್ದು ಅವಳ ಕಿವಿಯ ದೋಷ ಅಲ್ಲ. ಅವಳು ನುಡಿಸಿದಾಗ ಅಲ್ಲಿ ಝರ್ರ್ ಇರಲೇ ಇಲ್ಲ.

ಫೋನ್ ಮಾಡಿ ಕರೆಸಿದೆ. ಕುರ್ಚಿಯಲ್ಲಿ ಕೂರಿಸಿ, ಗಿಟಾರನ್ನು ಅವಳ ತೊಡೆಯ ಮೇಲಿಟ್ಟೆ. ನಾನು ನೆಲದ ಮೇಲೆ ಮಂಡಿಯೂರಿ ಕೂತೆ.

"ನಾನು ಇದನ್ನ ಮುಟ್ಟಲ್ಲ. ನೀನು ನುಡಿಸು, ನಾನು ತಿರುಪು ತಿರುಗಿಸ್ತೀನಿ. ಎಲ್ಲಿ ಸಾಕು ಅನ್ನಿಸುತ್ತೋ ಅಲ್ಲಿ ಹೇಳು."

"ಬುದ್ಧಿ ಬಂತಾ?"

"ಅಳಿಯನ್ನ ಕೇಳು."

ಆ ಮಧ್ಯಾಹ್ನ ಎಷ್ಟು ಚೆನ್ನಾಗಿತ್ತು ಅಂದರೆ ಹೇಳಲಾರೆ. ಕತ್ತಿನೊಳಗಿನ ಉಕ್ಕಿನ ಸರಳನ್ನು ಒಂಚೂರು ಬಿಗಿ ಮಾಡಿ ಕತ್ತಿನ ಬಾಗು ತೆಗೆದೆ. ತಲೆ ಎತ್ತಿಕೊಂಡಿದ್ದ ಒಂದೆರಡು ಫ್ರೆಟ್ಟುಗಳನ್ನು ಅರದಿಂದ ಸವರಿ ಸಾಲಿಗೆ ತಂದೆ. ಬ್ರಿಡ್ಜನ್ನು ಅಮ್ಮ ಹೇಳಿದ ಹಾಗೆ ಇಳಿಸುತ್ತಾ ಹೋದೆ. ನಾನಾಗಿದ್ದರೆ ಯಾವಾಗಲೋ ನಿಲ್ಲಿಸುತ್ತಿದ್ದ ಜಾಗವನ್ನು ದಾಟಿ ಇಳಿಸಿದೆ, ಅವಳ ಕೈಯಲ್ಲಿ ತಂತಿ ಗೊಣಗಲಿಲ್ಲ. ಕೊನೆಗೆ ಅವಳ ಹುಬ್ಬಿನ ಗಂಟು ಬಿಚ್ಚಿಕೊಂಡಿತು. "ನೋಯ್ತಿಲ್ಲ ಕಣೇ" ಅಂದಳು. ನನ್ನ ಕಣ್ಣು ತುಂಬಿತು, ಅರದ ಪುಡಿ ಬಿತ್ತು ಅಂದೆ.

ಇಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಅತಿಬುದ್ಧಿ ಸುಮ್ಮನಿರಬೇಕಲ್ಲ. ಹಗುರವಾಗಿ ಮೀಟಿದರೆ ಸದ್ದೂ ಹಗುರವಾಗಿ ಬರುತ್ತದೆ. ತಂತಿಗಳ ಕೆಳಗೆ ಪಿಕಪ್ ಅಂತ ಇರುತ್ತದೆ, ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವುದು ಅದೇ. ಅದು ತಂತಿಗೆ ಹತ್ತಿರ ಇದ್ದಷ್ಟೂ ಸದ್ದು ಜೋರು. ಅಮ್ಮ ಹೋದ ಮೇಲೆ, ಅವಳ ಹಗುರ ಕೈಗೆ ಸಹಾಯ ಆಗಲಿ ಅಂತ ನಾನು ಪಿಕಪ್ಪುಗಳನ್ನು ಏರಿಸಿ ತಂತಿಯ ಬುಡಕ್ಕೆ ತಂದಿಟ್ಟೆ. ಕತ್ತಿನ ಮೇಲೆ ಎಲ್ಲೂ ಒತ್ತದೆ, ಖಾಲಿ ತಂತಿಯನ್ನು ಒಮ್ಮೆ ಮೀಟಿದೆ. ಅಂಗಡಿ ತುಂಬ ಸದ್ದು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗುರುವಾರ ಸಂಜೆ ಅಭ್ಯಾಸಕ್ಕೆ ನಾನೂ ಹೋದೆ. ಪೀಠೋಪಕರಣದ ಗೋದಾಮಿನ ಹಿಂದಿನ ಕೋಣೆ, ಗೋಡೆಗೆ ಒರಗಿಸಿದ ಹಾಸಿಗೆಗಳು, ಅವುಗಳ ಮುಂದೆ ಡ್ರಮ್ಸ್. ಅಮ್ಮ ಎದ್ದು ನಿಂತು ಎಳೆ ಎತ್ತಿದಳು. ಗುಡುಗು ಮಾಮ ಕೋಲು ಎತ್ತಿದ. ಸ್ವರ ಜೋರಾಗಿ ಬಂತು, ಬಂದ ಹಾಗೇ ಓಲಾಡತೊಡಗಿತು, ಒಂದೇ ತಂತಿಯಲ್ಲಿ ಇಬ್ಬರು ಜಗಳವಾಡುವ ಹಾಗೆ. ಮಾಮ ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಸತ್ತೇಹೋಯಿತು. ಅಮ್ಮ ಮತ್ತೆ ಎತ್ತಿದಳು. ಮತ್ತೆ ಅದೇ. ಝರ್ರ್ ಇಲ್ಲ, ನೋವಿಲ್ಲ, ಆದರೂ ಸ್ವರ ನಿಲ್ಲುವುದಿಲ್ಲ.

"ಅಕ್ಕ, ನೀವು ನಮ್ಮ ಜೊತೆ ಇರೋದು ಮುಖ್ಯ" ಅಂದ ಗುಡುಗು ಮಾಮ. "ಹಾಡೋದೇನು ಸಣ್ಣ ಕೆಲಸಾನಾ?"

ಕೆಟ್ಟ ಮನುಷ್ಯ ಆಗಿದ್ದರೆ ಬೈಯಬಹುದಿತ್ತು. ಅವನ ಕಣ್ಣಲ್ಲೂ ನೀರಿತ್ತು, ಬೈಯುವುದು ಯಾರನ್ನು? ಅಮ್ಮ ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ನನ್ನ ಕೈಗೆ ಕೊಟ್ಟಳು. "ನಿನ್ನ ಕೆಲಸದಲ್ಲಿ ತಪ್ಪಿಲ್ಲ ಕಣೇ. ನನ್ನ ಬೆರಳಲ್ಲೇ ಜೀವ ಇಲ್ಲ. ಕೊಕ್ಕೆ ಹೊಡೆಸು."

ನನ್ನ ಗಂಡನಿಗೆ ಒಂದು ಕೆಟ್ಟ ಗುಣ, ಅತ್ತೆ ಹೇಳಿದ ಕೆಲಸ ತಕ್ಷಣ ಮಾಡಿಬಿಡುತ್ತಾನೆ. ಶುಕ್ರವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಗೋಡೆಯಲ್ಲಿ ಕೊಕ್ಕೆ. "ಅತ್ತೆ ಫೋನ್ ಮಾಡಿದ್ರು" ಅಂದ. ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸಿ, ಕೊಕ್ಕೆಗೆ ಬೆನ್ನು ಹಾಕಿ ಕೂತು, ಗಿಟಾರನ್ನು ಬಿಚ್ಚಿಟ್ಟುಕೊಂಡೆ. ತಂತಿ ಅಷ್ಟು ಕೆಳಗೆ ಬಂದಮೇಲೆ ನಾದ ಸಾಯುವುದೇ ಸಹಜ, ಅಮ್ಮನ ಬೆರಳನ್ನು ಉಳಿಸಿದರೆ ಎಳೆ ಹೋಗುತ್ತದೆ, ಎಳೆ ಉಳಿಸಿದರೆ ಬೆರಳು ಹೋಗುತ್ತದೆ, ಗಿರಾಕಿಗಳಿಗೆ ನಾನು ದಿನಾ ಹೇಳುವುದು ಇದನ್ನೇ ಅಲ್ಲವೇ ಅಂತ ಮನಸ್ಸು ಗೊಣಗುತ್ತಿತ್ತು. ಬ್ರಿಡ್ಜನ್ನು ಮತ್ತೆ ಏರಿಸೋಣ ಅಂತ ಅಲೆನ್ ಕೀ ಹಿಡಿದು ಬಗ್ಗಿದೆ.

ಕೀ ನನ್ನ ಬೆರಳಿಂದ ಜಾರಿ ಟಪ್ ಅಂತ ಪಿಕಪ್ಪಿಗೆ ಅಂಟಿಕೊಂಡಿತು.

ಅದರಲ್ಲೇನು ವಿಶೇಷ? ಪಿಕಪ್ ಅಂದರೆ ಆಯಸ್ಕಾಂತ, ಅಲೆನ್ ಕೀ ಅಂದರೆ ಉಕ್ಕು, ದಿನಕ್ಕೆ ಎಷ್ಟೋ ಸಲ ಅಂಟುತ್ತದೆ, ಎಷ್ಟೋ ಸಲ ಕೀಳುತ್ತೇನೆ. ಅವತ್ತೂ ಕೀಳಲು ಹೋದೆ, ಅದು ಬಿಗಿಯಾಗಿ ಹಿಡಿದುಕೊಂಡಿತ್ತು. ನನ್ನ ಕೈ ಅಲ್ಲೇ ನಿಂತಿತು. ತಂತಿಯೂ ಉಕ್ಕೇ ಅಲ್ಲವೇ? ಮೇಲಿಂದ ತಂತಿಯನ್ನು ಇಳಿಸಿದವಳು ನಾನು, ಕೆಳಗಿಂದ ಆಯಸ್ಕಾಂತವನ್ನು ಏರಿಸಿದವಳೂ ನಾನೇ. ಅದೂ ಎಳೆ ಹಿಡಿಯುವ ಸ್ವರ ಇರುವುದು ಕತ್ತಿನ ಕೊನೆಯಲ್ಲಿ, ಪಿಕಪ್ಪಿನ ಪಕ್ಕದಲ್ಲೇ, ಅಲ್ಲಿ ಒತ್ತಿದಾಗ ತಂತಿ ಇನ್ನೂ ಬಗ್ಗಿ ಪಿಕಪ್ಪಿನ ಬಾಯಿಗೇ ಹೋಗುತ್ತದೆ. ನಾನು ಖಾಲಿ ತಂತಿ ಮೀಟಿ ಬೀಗಿದೆನಲ್ಲ, ಅಲ್ಲೇ ಎಡವಿದ್ದು. ನಡುಗಬೇಕಾದ ತಂತಿಯನ್ನು ಆಯಸ್ಕಾಂತ ಸೆರಗು ಹಿಡಿದು ಎಳೆಯುತ್ತಿದೆ. ಸ್ವರ ಓಲಾಡಿದ್ದು ಅದಕ್ಕೆ, ಸತ್ತದ್ದೂ ಅದಕ್ಕೇ. ತಂತಿಯ ಎತ್ತರದ್ದೂ ತಪ್ಪಲ್ಲ, ಅಮ್ಮನ ಬೆರಳಿನದಂತೂ ಅಲ್ಲವೇ ಅಲ್ಲ.

ಈ ಕಸುಬಿನಲ್ಲಿ ತಂತಿ ಇಳಿಸಿದವರು ಪಿಕಪ್ಪನ್ನೂ ಇಳಿಸಬೇಕು. ಇದು ಅಕ್ಷರಾಭ್ಯಾಸದ ಪಾಠ. ಬೇರೆ ಯಾರದ್ದೋ ಗಿಟಾರ್ ಆಗಿದ್ದರೆ ನಿದ್ದೆಗಣ್ಣಲ್ಲೂ ಮಾಡಿರುತ್ತಿದ್ದೆ. ಅಮ್ಮನದಾದ್ದರಿಂದ ಸಹಾಯ ಮಾಡಲು ಹೋಗಿ ಹತ್ತಿರ ತಂದು ಉಸಿರುಗಟ್ಟಿಸಿದ್ದೆ. ನಗುವೂ ಬಂತು, ಅಳುವೂ ಬಂತು. ಎರಡನ್ನೂ ಬದಿಗಿಟ್ಟು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಅಮ್ಮನನ್ನು ಬರುವ ಹಾಗೆ ಮಾಡುವುದೇ ಕಷ್ಟವಾಯಿತು. "ಕೊಕ್ಕೆ ಎಲ್ಲಿ ಹೊಡೆದಿದ್ದಾನೆ, ಬಂದು ನೋಡು, ವಕ್ರವಾಗಿದೆ" ಅಂದೆ. ಬಂದಳು. ಕುರ್ಚಿಯಲ್ಲಿ ಕೂರಿಸಿ ಗಿಟಾರ್ ಕೊಟ್ಟೆ. ಪಿಕಪ್ಪುಗಳನ್ನು ಚೆನ್ನಾಗಿ ಕೆಳಗಿಳಿಸಿದ್ದೆ. ಹೋದ ಸದ್ದನ್ನು ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ವಾಪಸ್ ತಂದಿದ್ದೆ. ಆ ಸರಳ ದಾರಿ ಇಟ್ಟುಕೊಂಡೇ ಸರ್ಕಸ್ ಮಾಡಿದವಳು ನಾನು.

ಅಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಮೀಟಿದಳು. ಸ್ವರ ಬಂತು. ನಿಂತಿತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಆಮೇಲೆ ತನ್ನ ಬೆರಳನ್ನು ನೋಡಿಕೊಂಡಳು. ಸ್ವರ ಇನ್ನೂ ಇತ್ತು. ಪಕ್ಕದ ಅಂಗಡಿಯಿಂದ ನನ್ನ ಗಂಡ, ಕೈಯಲ್ಲಿ ಯಾರದ್ದೋ ಕನ್ನಡಕ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತ. ಸ್ವರ ತಾನಾಗಿ ಕರಗುವವರೆಗೂ ಅಮ್ಮ ಬೆರಳು ತೆಗೆಯಲಿಲ್ಲ.

"ದಪ್ಪ ತಂತಿಯಲ್ಲಿ ಒಂಚೂರು ಝರ್ರ್ ಇದೆಯಮ್ಮ" ಅಂದೆ. "ನೀನು ಜೋರಾಗಿ ಮೀಟಿದ್ರೆ ಬರುತ್ತೆ. ಅದನ್ನ ತೆಗೀಬೇಕು ಅಂದ್ರೆ ಏರಿಸಬೇಕು."

"ಸ್ಪೀಕರಲ್ಲಿ ಕೇಳಿಸುತ್ತಾ?"

"ಇಲ್ಲ. ಹತ್ತಿರ ಕಿವಿಯಿಟ್ರೆ ಕೇಳಿಸುತ್ತೆ."

"ನನ್ನ ಗಿಟಾರಿಗೆ ಕಿವಿಯಿಟ್ಟು ಯಾರು ಕುಣೀತಾರೆ? ಬಿಡು."

ಬಿಟ್ಟೆ. ಝರ್ರ್ ಉಳಿಸಿ ಗಿಟಾರನ್ನು ಹೊರಗೆ ಕಳಿಸುವುದು ನನ್ನ ಜಾಯಮಾನವಲ್ಲ, ಕೈ ಪರಪರ ಅಂತಿತ್ತು. ಆದರೂ ಬಿಟ್ಟೆ.

ಶನಿವಾರ ಸಂಜೆ ಹಾಲಿನಲ್ಲಿ ಹೊಸ ನೆಲದ ಮೆರುಗೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಜನ ಕುರ್ಚಿಗಳಲ್ಲಿ ತುಂಬಿದ್ದರು. ವೇದಿಕೆಯ ಮೂಲೆಯಲ್ಲಿ ಒಂದು ಕೀಬೋರ್ಡ್ ಇತ್ತು, ಬಟ್ಟೆ ಹೊದಿಸಿಕೊಂಡು. ಅಮ್ಮ ಅದನ್ನು ನೋಡಿದ್ದನ್ನು ನಾನು ನೋಡಿದೆ. ನಾನೂ ನನ್ನ ಗಂಡನೂ ಗೋಡೆಯ ಪಕ್ಕ ನಿಂತಿದ್ದೆವು. ನಾನು ಅವನ ತೋಳನ್ನು ಹಿಡಿದುಕೊಂಡಿದ್ದೆ, ಉಗುರು ನಾಟುತ್ತಿತ್ತು ಅಂತ ಅವನು ಆಮೇಲೆ ಹೇಳಿದ.

ಅಮ್ಮ ಸ್ಪೀಕರಿನ ಕಡೆ ಒಂದು ಹೆಜ್ಜೆ ಹತ್ತಿರ ಹೋಗಿ ನಿಂತಳು, ಎಳೆ ಎತ್ತಿದಳು. ಗುಡುಗು ಮಾಮ ಕೋಲು ಎತ್ತಿದ.

ಜನ ಕುರ್ಚಿಯಿಂದ ಎದ್ದರು. ಜೋಡಿ ಹುಡುಕಿಕೊಂಡರು. ನೆಲಕ್ಕೆ ಇಳಿದರು. ಸ್ವರ ಹಾಗೇ ಇತ್ತು. ಆಂಪ್ಲಿಫೈಯರ್ ಜೋರಾಗಿದ್ದದ್ದರಿಂದ ಸ್ಪೀಕರಿನ ಸದ್ದೇ ವಾಪಸ್ ಬಂದು ತಂತಿಯನ್ನು ನಡುಗಿಸುತ್ತಿತ್ತು, ತಂತಿಯ ನಡುಕ ಮತ್ತೆ ಸ್ಪೀಕರಿಗೆ ಹೋಗುತ್ತಿತ್ತು. ಈಗ ಹಿಡಿದೆಳೆಯುವುದೇನೂ ಇಲ್ಲದ ತಂತಿ, ಅದಕ್ಕೆ ಸಾಯುವ ಕಾರಣವೇ ಇರಲಿಲ್ಲ. ಅಮ್ಮನ ಬೆರಳು ಮಲಗಿದ ಮಗುವಿನ ಕೆನ್ನೆ ಮೇಲಿಟ್ಟ ಹಾಗೆ ತಂತಿಯ ಮೇಲಿತ್ತು. ಮಾಮನ ಎತ್ತಿದ ತೋಳು ನಡುಗತೊಡಗಿತು. ಯಾರೋ ನಕ್ಕರು. ಆಮೇಲೆ ಹಾಲೇ ನಗತೊಡಗಿತು, ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಾಲೆತ್ತದೆ ನಿಂತು ಕಾಯುತ್ತಿದ್ದರು.

ಕೊನೆಗೆ ಗುಡುಗು ಮಾಮನೇ ಸೋತ. "ಅಕ್ಕ, ಕೈ ಬಿದ್ದುಹೋಗ್ತಿದೆ, ನಿಲ್ಸಿ" ಅಂದ.

"ನಿಂಗ್ಯಾವ ಅವಸರ ಬಂತೋ?" ಅಂದಳು ಅಮ್ಮ, ಕಣ್ಣು ಬಿಡದೆ. ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದು, ಆಮೇಲೆ ತಾನಾಗಿ ಅಂಗೈಯನ್ನು ತಂತಿಗಳ ಮೇಲಿಟ್ಟಳು. ಎಳೆಯನ್ನು ಅವಳೇ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಡ್ರಮ್ಸ್‌ಗೆ ಕೋಲು ಬಿತ್ತು. ಕೀಬೋರ್ಡಿನ ಬಟ್ಟೆಯನ್ನು ಅವತ್ತು ಯಾರೂ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಅಮ್ಮ ಹಾಜರ್. ಒಂದು ಕೈಯಲ್ಲಿ ಗಿಟಾರಿನ ಪೆಟ್ಟಿಗೆ, ಇನ್ನೊಂದರಲ್ಲಿ ಮಾರುಕಟ್ಟೆಯ ಚೀಲ. ಗೋಡೆಯ ಕೊಕ್ಕೆಗೆ ಚೀಲವನ್ನು ನೇತುಹಾಕಿ ಕುರ್ಚಿಯಲ್ಲಿ ಕೂತಳು.

"ಎರಡನೇ ತಂತಿ ಇನ್ನೊಂಚೂರು ಇಳಿಸು" ಅಂದಳು. "ಆದ್ರೆ ನಾದ ಕಮ್ಮಿ ಆಗಬಾರದು."

ನಾನು ಅಲೆನ್ ಕೀ ತೆಗೆದುಕೊಂಡು ಅವಳ ಮುಂದೆ ನೆಲದ ಮೇಲೆ ಕೂತೆ.